ಮುರಿದದ್ದು ಕೈ, ಸೂಜಿ ಯಾಕೆ ಕತ್ತಿಗೆ?

"ಅಲ್ಲಾ ಸಾ, ಮುರ್ದಿರೋದು ಕೈಯಿ, ಸೂಜಿ ಯಾಕೆ ಕತ್ತಿಗ್ ಚುಚ್ತೀರಿ?" ಮಂಡ್ಯ, ಮೈಸೂರಿನ ಆಪರೇಷನ್ ಥಿಯೇಟರುಗಳಲ್ಲಿ ಅರಿವಳಿಕೆ ವೈದ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಭುಜ ಮುರಿದುಕೊಂಡವರು, ತೆಂಗಿನ ಮರದಿಂದ ಜಾರಿ ಮೊಣಕೈ ಪುಡಿಯಾದವರು, ಆಲೆಮನೆಯ ಗಾಣಕ್ಕೆ ಬೆರಳು ಸಿಕ್ಕಿಸಿಕೊಂಡವರು, ಡಯಾಲಿಸಿಸ್‌ಗಾಗಿ ಮುಂಗೈಯಲ್ಲಿ ಫಿಸ್ಟುಲಾ (ಎರಡು ರಕ್ತನಾಳಗಳ ಜೋಡಣೆ) ಮಾಡಿಸಿಕೊಳ್ಳಬೇಕಾದವರು, ಇಂಥ ಹಲವರಿಗೆ ಈಗ ಪೂರ್ತಿ ಮತ್ತು ಬರಿಸುವ ಬದಲು ಕೈಯೊಂದನ್ನೇ ಮರಗಟ್ಟಿಸಿ ಆಪರೇಷನ್ ಮಾಡುತ್ತಾರೆ. ಸೂಜಿ ಹೋಗುವುದು ಕತ್ತಿನ ಪಕ್ಕಕ್ಕೆ, ಇಲ್ಲವೇ ಕಾಲರ್ ಬೋನ್ ಮೇಲ್ಗಡೆಗೆ. ತಲೆದೆಸೆಯಲ್ಲಿ ಒಂದು ಸ್ಕ್ಯಾನಿಂಗ್ ಮೆಷಿನ್. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ‘ಬ್ರೇಕಿಯಲ್ ಪ್ಲೆಕ್ಸಸ್ ಬ್ಲಾಕ್’ ಎಂಬ ಹೆಸರು. ಹೊರಗೆ ಕೂತ ಅವ್ವನಿಗೋ ಹೆಂಡತಿಗೋ ಎದೆ ಧಸಕ್ಕೆನ್ನುವುದು ಸಹಜ. ಕತ್ತು ಎಷ್ಟು ಸೂಕ್ಷ್ಮದ ಜಾಗ ಎಂಬುದು ಓದದವರಿಗೂ ಗೊತ್ತು, ಆ ಅಂಜಿಕೆಯಲ್ಲಿ ತಪ್ಪೇನಿಲ್ಲ. ಆದರೆ ಒಳಗೆ ಏನಿದೆ, ಸೂಜಿ ಎಲ್ಲಿ ನಿಲ್ಲುತ್ತದೆ, ಏನು ಕೆಡಬಹುದು ಎಂದು ತಿಳಿದರೆ ಸಹಿ ಹಾಕುವ ಮುನ್ನ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ‘ನರ’ ಎಂಬ ಮಾತು

ನಮ್ಮ ಕಡೆ ಆಡುಮಾತಿನಲ್ಲಿ ‘ನರ’ ಎಂದರೆ ಎರಡು ಅರ್ಥ. ಡ್ರಿಪ್ ಹಾಕಲು ಬಂದ ಸಿಸ್ಟರ್ "ನರಾನೇ ಸಿಗ್ತಿಲ್ಲ" ಎಂದರೆ ಅದು ರಕ್ತನಾಳ. "ನರ ದೌರ್ಬಲ್ಯ" ಎಂದಾಗ ಅದು ಬೇರೆಯದೇ. ಈ ಲೇಖನದಲ್ಲಿ ನರ ಎಂದರೆ ಎರಡನೆಯದು ಮಾತ್ರ: ಮಿದುಳು ಮತ್ತು ಬೆನ್ನುಹುರಿಯಿಂದ ಹೊರಟು ಮೈಗೆಲ್ಲ ಹರಡುವ, ರಕ್ತವಿಲ್ಲದ, ಬಿಳಿ ದಾರದಂಥ ತಂತು. ಕೈ ಎತ್ತು ಎಂಬ ಅಪ್ಪಣೆ ಅದರಲ್ಲೇ ಇಳಿಯುತ್ತದೆ, ಬೆರಳು ಸುಟ್ಟಿತು ಎಂಬ ಸುದ್ದಿ ಅದರಲ್ಲೇ ಏರುತ್ತದೆ. ರಕ್ತ ಹರಿಯುವುದಕ್ಕೆ ರಕ್ತನಾಳ ಎಂದೇ ಬರೆಯುತ್ತೇವೆ. ಈ ಎರಡನ್ನು ಬೇರೆ ಮಾಡಿಕೊಳ್ಳದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಬ್ಲಾಕ್‌ನ ಔಷಧ ಸೇರಬೇಕಾದ್ದು ನರದ ಸುತ್ತ. ಅದು ರಕ್ತನಾಳದೊಳಗೆ ಹೋದರೆ ಅದೇ ದೊಡ್ಡ ಅಪಾಯ.

ಕೈಗೆ ಹೋಗುವ ನಾಲೆ

ಕೈಯ ನರಗಳು ಕೈಯಲ್ಲಿ ಹುಟ್ಟುವುದಿಲ್ಲ. ಕತ್ತಿನ ಮೂಳೆಗಳ ಸಂದಿಯಿಂದ ನಾಲ್ಕು, ಎದೆಯ ಮೊದಲ ಮೂಳೆಯ ಕೆಳಗಿನಿಂದ ಒಂದು, ಹೀಗೆ ಐದು ಬೇರುಗಳಾಗಿ ಹೊರಬರುತ್ತವೆ. ವೈದ್ಯರು ಇವನ್ನು ಸಿ5, ಸಿ6, ಸಿ7, ಸಿ8, ಟಿ1 ಎಂದು ಕರೆಯುತ್ತಾರೆ. ಕತ್ತಿನಲ್ಲಿ ಮೂಳೆ ಏಳೇ, ನರ ಮಾತ್ರ ಎಂಟು ಜೋಡಿ. ಹಾಗಾಗಿ ಸಿ8 ಎಂಬ ನರ ಇದೆ, ಸಿ8 ಎಂಬ ಮೂಳೆ ಇಲ್ಲ.

ಕನ್ನಂಬಾಡಿಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯನ್ನು ನೆನೆಸಿಕೊಳ್ಳಿ. ಮುಖ್ಯ ನಾಲೆ ಮುಂದೆ ಮದ್ದೂರು ಶಾಖೆ, ತುರುಗನೂರು ಶಾಖೆ ಎಂದು ಒಡೆಯುತ್ತದೆ. ಶಾಖೆಯಿಂದ ಉಪನಾಲೆ, ಅಲ್ಲಿಂದ ತೂಬು, ತೂಬಿನಿಂದ ಗದ್ದೆಗೆ ಕಾಲುವೆ. ಕೈಯ ನರಗಳದ್ದೂ ಹೆಚ್ಚುಕಡಿಮೆ ಇದೇ ಕಥೆ, ನಡುವೆ ಸೇರುವುದೂ ಒಡೆಯುವುದೂ ಜಾಸ್ತಿ. ಐದು ಬೇರುಗಳು ಸೇರಿ ಮೂರು ಕಾಂಡ, ಒಂದೊಂದು ಕಾಂಡ ಎರಡಾಗಿ ಒಡೆದು ಆರು ಕವಲು, ಆ ಕವಲುಗಳು ಮತ್ತೆ ಸೇರಿ ಮೂರು ಹಗ್ಗ, ಹಗ್ಗಗಳಿಂದ ಕೈಯ ಐದು ಮುಖ್ಯ ನರ. ಈ ಇಡೀ ಹೆಣಿಗೆಯ ಹೆಸರೇ ಬ್ರೇಕಿಯಲ್ ಪ್ಲೆಕ್ಸಸ್.

ಗದ್ದೆ ಬಯಲಿನಲ್ಲಿ ನೂರು ಕಾಲುವೆ ಮುಚ್ಚುವುದಕ್ಕಿಂತ ಮೇಲ್ಗಡೆ ಒಂದು ಗೇಟು ಇಳಿಸುವುದು ಸುಲಭ. ಮೊಣಕೈ ಹತ್ತಿರ ಈ ನರಗಳು ದೂರದೂರ ಚದುರಿರುತ್ತವೆ. ಕತ್ತಿನ ಬುಡದಲ್ಲಿ ಎಲ್ಲವೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತೊತ್ತಾಗಿ ಸಿಗುತ್ತವೆ. ಸೂಜಿ ಕತ್ತಿಗೆ ಹೋಗುವುದು ಇದಕ್ಕೇ.

ಒಂದು ಗದ್ದೆಗೆ ಮಾತ್ರ ನೀರು ಬೇರೆ ನಾಲೆಯಿಂದ ಬರುತ್ತದೆ. ತೋಳಿನ ಒಳಮೈ, ಕಂಕುಳಿನ ಹತ್ತಿರದ ಚರ್ಮಕ್ಕೆ ಸಂವೇದನೆ ಕೊಡುವುದರಲ್ಲಿ ಎದೆಯ ಎರಡನೇ ನರದ ಪಾಲು ದೊಡ್ಡದು, ಅದು ಈ ಹೆಣಿಗೆಗೆ ಸೇರಿದ್ದಲ್ಲ. ಬ್ಲಾಕ್ ಚೆನ್ನಾಗಿಯೇ ಹಿಡಿದಿದ್ದರೂ ರೋಗಿ ಅಲ್ಲಿ ಮುಟ್ಟಿದ್ದು ತಿಳಿಯುತ್ತದೆ ಎನ್ನುವುದು ಇದರಿಂದ. ಅಗತ್ಯವಿದ್ದರೆ ಆ ಭಾಗದ ಚರ್ಮದಡಿ ಬೇರೆಯಾಗಿ ಔಷಧ ಕೊಡುತ್ತಾರೆ.

ಕತ್ತಿನೊಳಗೆ ಯಾರ ಪಕ್ಕ ಯಾರು

ಕನ್ನಡಿಯ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿ. ಬಲಗಿವಿಯ ಹಿಂದಿನ ಮೂಳೆಯಿಂದ ಎದೆಯ ನಡುಮೂಳೆಯ ತನಕ ಹಗ್ಗದಂತೆ ಒಂದು ಸ್ನಾಯು ಉಬ್ಬುತ್ತದೆ. ಕತ್ತಿನ ಭೂಪಟಕ್ಕೆ ಇದೇ ಹೆದ್ದಾರಿ. ಇದರ ಅಡಿಯಲ್ಲಿ ಒಂದೇ ಒರೆಯೊಳಗೆ ಮೂವರು: ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ಅಪಧಮನಿ, ಮಿದುಳಿನಿಂದ ರಕ್ತ ಇಳಿಸುವ ಜುಗುಲರ್ ಅಭಿಧಮನಿ, ಇವೆರಡರ ನಡುವೆ ವೇಗಸ್ ನರ. ಅಲ್ಲಿ ಬೆರಳಿಗೆ ಬಡಿಯುವುದು ಕೆರಾಟಿಡ್. ಅದನ್ನು ಒತ್ತಿ ಹಿಡಿಯಬಾರದು.

ಈಗ ಆ ಉಬ್ಬಿದ ಸ್ನಾಯುವಿನ ಹಿಂಬದಿಯ ಅಂಚಿಗೆ ಬೆರಳು ಜಾರಿಸಿ, ಧ್ವನಿಪೆಟ್ಟಿಗೆಯ ಕೆಳಗಿನ ಉಂಗುರದ ಮಟ್ಟಕ್ಕೆ. ಅಲ್ಲಿ ಇನ್ನೆರಡು ಸ್ನಾಯುಗಳಿವೆ, ಹೆಸರು ಸ್ಕೇಲೀನ್. ಮುಂದಿನದೊಂದು, ನಡುವಿನದೊಂದು, ಎರಡೂ ಇಳಿದು ಮೊದಲ ಪಕ್ಕೆಲುಬಿಗೆ ಅಂಟುತ್ತವೆ. ಇವೆರಡರ ನಡುವೆ ಒಂದು ಸಣ್ಣ ಕಣಿವೆ. ತೆಳ್ಳಗಿರುವವರಲ್ಲಿ ಬೆರಳಿಗೇ ಸಿಗುತ್ತದೆ. ಕೈಯ ನರಗಳ ಬೇರುಗಳು ಹೊರಬರುವುದು ಈ ಕಣಿವೆಯಲ್ಲಿ, ಚರ್ಮದಿಂದ ಒಂದರಿಂದ ಮೂರು ಸೆಂಟಿಮೀಟರ್ ಆಳದಲ್ಲಿ, ಅಷ್ಟೇ.

ನೆರೆಹೊರೆಯೇ ತಲೆನೋವು. ಮುಂದಿನ ಸ್ಕೇಲೀನ್ ಸ್ನಾಯುವಿನ ಮೈಮೇಲೆ, ಕೈಯ ನರದಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ, ಫ್ರೆನಿಕ್ ನರ ಹಾದುಹೋಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಇರುವ ವಪೆಯನ್ನು ಆಡಿಸುವುದು ಈ ನರ. ಉಸಿರು ಎಳೆದುಕೊಳ್ಳುವ ಕೆಲಸದಲ್ಲಿ ದೊಡ್ಡ ಪಾಲು ವಪೆಯದೇ. ಕತ್ತಿನಲ್ಲಿ ಕೆಳಗಿಳಿದ ಹಾಗೆ ಫ್ರೆನಿಕ್ ನರ ಕೈಯ ನರದಿಂದ ದೂರ ಸರಿಯುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇರುಗಳಿಗಿಂತ ಒಳಗೆ, ಬೆನ್ನುಮೂಳೆಯ ಪಕ್ಕದಲ್ಲಿ, ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ವರ್ಟಿಬ್ರಲ್ ಅಪಧಮನಿ. ಸಾಮಾನ್ಯವಾಗಿ ಇದು ಆರನೇ ಮೂಳೆಯ ಮಟ್ಟದಿಂದ ಮೇಲೆ ಮೂಳೆಯ ತೂತಿನೊಳಗೆ ಅಡಗಿರುತ್ತದೆ. ಏಳನೇ ಮೂಳೆಯ ಮಟ್ಟದಲ್ಲಿ ಆ ರಕ್ಷಣೆ ಇಲ್ಲ. ಇನ್ನು ಕಾಲರ್ ಬೋನ್ ಹಿಂದೆ ಇಣುಕಿದರೆ ಕೈಗೆ ರಕ್ತ ಕೊಡುವ ಸಬ್‌ಕ್ಲೇವಿಯನ್ ಅಪಧಮನಿ, ಅದರ ಅಡಿಗೆ ಮೊದಲ ಪಕ್ಕೆಲುಬು, ಪಕ್ಕೆಲುಬಿನ ಮಗ್ಗುಲಲ್ಲೇ ಶ್ವಾಸಕೋಶದ ತುದಿ. ಶ್ವಾಸಕೋಶ ಎದೆಗೂಡಿನೊಳಗೇ ಇರುತ್ತದೆ ಎಂದುಕೊಂಡಿರುತ್ತೇವೆ. ಆದರೆ ಅದರ ತುದಿ ಕಾಲರ್ ಬೋನ್‌ನ ಒಳತುದಿಗಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಕತ್ತಿನ ಬುಡಕ್ಕೇ ಬಂದಿರುತ್ತದೆ.

ಕುರುಡುಗೈಯಿಂದ ಕಣ್ಣಿಗೆ

ಈ ಬ್ಲಾಕ್ ನಿನ್ನೆ ಮೊನ್ನೆಯದಲ್ಲ. 1911ರಲ್ಲಿ ಜರ್ಮನಿಯ ಕುಲೆನ್‌ಕಾಂಫ್ ಎಂಬ ವೈದ್ಯ ಕಾಲರ್ ಬೋನ್ ಮೇಲಿನಿಂದ ಚರ್ಮದ ಮೂಲಕ ಕೊಡುವ ವಿಧಾನವನ್ನು ಮೊದಲು ತನ್ನ ಮೈಮೇಲೇ ಪ್ರಯೋಗಿಸಿದ. ಸ್ಕೇಲೀನ್ ಕಣಿವೆಯ ದಾರಿಯನ್ನು ಅಮೆರಿಕದ ವಿನ್ನಿ 1970ರಲ್ಲಿ ವಿವರಿಸಿದರು. ಆಗೆಲ್ಲ ಆಧಾರ ಎಂದರೆ ಬೆರಳಿನ ಸ್ಪರ್ಶ, ಮತ್ತು ಸೂಜಿ ನರಕ್ಕೆ ತಾಗಿದಾಗ ರೋಗಿ "ಕೈಗೆ ಶಾಕ್ ಹೊಡೆದ ಹಾಗಾಯ್ತು" ಎನ್ನುವುದು. ಆಮೇಲೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಅದುರುವುದನ್ನು ನೋಡುವ ಯಂತ್ರ ಬಂತು. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಕಾಲರ್ ಬೋನ್ ಮೇಲಿನ ಬ್ಲಾಕ್ ಕೊಟ್ಟ ವಿವರ ಪ್ರಕಟಿಸಿದರು. ಇವತ್ತಿನ ಪದ್ಧತಿ ಅಲ್ಲಿಂದ ಬೆಳೆದದ್ದು.

ಶಬ್ದದಿಂದ ನೋಡುವುದು ಹೇಗೆ

ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದ ತನಕ ಕೇಳುತ್ತದೆ. ಕತ್ತಿಗೆ ಬಳಸುವ ಪ್ರೋಬ್, ಅಂದರೆ ಚರ್ಮದ ಮೇಲೆ ಹಿಡಿಯುವ ಸ್ಕ್ಯಾನಿಂಗ್ ಮೆಷಿನ್ನಿನ ಭಾಗ, ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಸಲ ಕಂಪಿಸುವ ಶಬ್ದ ಬಿಡುತ್ತದೆ. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗಿ, ಸಿಕ್ಕಿದ್ದಕ್ಕೆ ಬಡಿದು ವಾಪಸು ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಆಳ, ಎಷ್ಟು ಜೋರಾಗಿ ಬಂತು ಎಂಬುದರಿಂದ ಬಿಳುಪು. ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಆಳಕ್ಕೆ ಇಳಿಯುವುದಿಲ್ಲ. ಕತ್ತಿನ ನರ ಮೇಲ್ಗಡೆಯೇ ಇರುವುದರಿಂದ ಈ ಚೌಕಾಸಿ ನಮಗೆ ಲಾಭದ್ದು. ಹೊಟ್ಟೆಯ ಸ್ಕ್ಯಾನಿಂಗ್‌ನ ಬಾಗಿದ ಪ್ರೋಬ್ ಇಲ್ಲಿಗೆ ಬೇಡ, ನೇರ ಅಂಚಿನ ಚಪ್ಪಟೆ ಪ್ರೋಬ್ ಬೇಕು. ತಣ್ಣನೆಯ ಜೆಲ್ ಸವರುವುದು ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯದಿರಲಿ ಎಂದು, ಗಾಳಿಗೆ ತಾಗಿದ ಶಬ್ದ ಬಹುಪಾಲು ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ.

ಪರದೆಯಲ್ಲಿ ಮೂಳೆ ಎಂದರೆ ಬೆಳ್ಳಗಿನ ಗೆರೆ, ಅದರ ಹಿಂದೆ ಕತ್ತಲು. ರಕ್ತ ಕಪ್ಪು. ಪ್ರೋಬ್ ಒತ್ತಿದರೆ ಅಭಿಧಮನಿ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ, ಅಪಧಮನಿ ಮಿಡಿಯುತ್ತಲೇ ಇರುತ್ತದೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದಾಗ ಕಾಣುವ ಕೆಂಪು, ನೀಲಿ ಎಂದರೆ ಅಪಧಮನಿ, ಅಭಿಧಮನಿ ಎಂದಲ್ಲ. ಒಂದು ಪ್ರೋಬ್‌ನ ಕಡೆ ಬರುವ ರಕ್ತ, ಇನ್ನೊಂದು ದೂರ ಹೋಗುವ ರಕ್ತ. ಕಲಿಯುವವರು ಎಡವುವುದು ಇಲ್ಲೇ.

ಕಬ್ಬಿನ ಜಲ್ಲೆಯನ್ನು ಅಡ್ಡ ಕೊಯ್ದರೆ ಗುಂಡಗೆ, ಉದ್ದಕ್ಕೆ ಸೀಳಿದರೆ ಪಟ್ಟಿಯಂತೆ ಕಾಣುತ್ತದಲ್ಲ, ನರವೂ ಹಾಗೆ. ಕತ್ತಿನಲ್ಲಿ ನರವನ್ನು ಅಡ್ಡಕೊಯ್ತದಲ್ಲೇ ನೋಡುತ್ತಾರೆ. ಸ್ಕೇಲೀನ್ ಕಣಿವೆಯಲ್ಲಿ ಅವು ಒಂದರ ಕೆಳಗೊಂದು ಮೂರು ಕಪ್ಪು ಉರುಟುಗಳಾಗಿ, ಟ್ರಾಫಿಕ್ ಸಿಗ್ನಲ್ ಕಂಬದ ದೀಪಗಳಂತೆ ಕಾಣುತ್ತವೆ. ಕಾಲರ್ ಬೋನ್ ಹಿಂದೆ, ಮಿಡಿಯುವ ಅಪಧಮನಿಯ ಪಕ್ಕದಲ್ಲಿ, ದ್ರಾಕ್ಷಿ ಗೊಂಚಲಿನಂತೆ. ಕತ್ತಿನಲ್ಲಿ ನರ ಕಪ್ಪು, ರಕ್ತನಾಳವೂ ಕಪ್ಪು. ಹಾಗಾಗಿ ಸೂಜಿ ಹಿಡಿಯುವ ಮುನ್ನ ಡಾಪ್ಲರ್ ಹಾಕಿ ನೋಡಲೇಬೇಕು. ಸಿಗ್ನಲ್ ದೀಪದ ಸಾಲಿನಲ್ಲಿ ಒಂದು ಚಿಕ್ಕ ರಕ್ತನಾಳವೂ ಸೇರಿಕೊಂಡು ನರದ ವೇಷ ಹಾಕಿರಬಹುದು.

ಥಿಯೇಟರಿನ ಬಾಗಿಲಲ್ಲೂ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಬೋರ್ಡ್ ನೋಡಿ ಜನ ಅಚ್ಚರಿಪಡುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರ ಯಾವ ಕೆಲಸಕ್ಕಿದ್ದರೂ ನೋಂದಣಿ ಆಗಿರಲೇಬೇಕು, ಬೇಕೆಂದಲ್ಲಿಗೆ ಒಯ್ಯುವಂತಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಭ್ರೂಣಲಿಂಗ ಪತ್ತೆಯ ದಂಧೆ ಬಯಲಾದದ್ದನ್ನು ಕಂಡ ನಮಗೆ ಈ ಬಿಗಿ ಯಾಕೆಂದು ಬೇರೆ ಹೇಳಬೇಕಿಲ್ಲ.

ಯಾವ ಆಪರೇಷನ್‌ಗೆ ಯಾವ ತೂಬು

ಭುಜದ ಆಪರೇಷನ್‌ಗೆ ಸ್ಕೇಲೀನ್ ಕಣಿವೆಯ ಬ್ಲಾಕ್. ಭುಜಕ್ಕೆ ಬೇಕಾದ ಸಿ5, ಸಿ6 ಅಲ್ಲಿ ಮೇಲ್ಗಡೆಯೇ ಸಿಗುತ್ತವೆ. ಆದರೆ ಕಿರುಬೆರಳ ಕಡೆಯ ಸಿ8, ಟಿ1 ಕೆಳಗೆ ಆಳದಲ್ಲಿರುವುದರಿಂದ ಔಷಧ ಅಲ್ಲಿಗೆ ಇಳಿಯದೆ ಹೋಗಬಹುದು. ಅದಕ್ಕೇ ಈ ಬ್ಲಾಕ್ ನೆಚ್ಚಿ ಅಂಗೈ ಆಪರೇಷನ್ ಮಾಡುವುದಿಲ್ಲ. ತೋಳಿನ ನಡುವಿನಿಂದ ಬೆರಳ ತುದಿಯ ತನಕ ಬೇಕಿದ್ದರೆ ಕಾಲರ್ ಬೋನ್ ಮೇಲಿನ ಬ್ಲಾಕ್, ಅಲ್ಲಿ ಎಲ್ಲ ನರಗಳೂ ಒಂದೇ ಗೊಂಚಲು. ಬೆನ್ನಿಗೆ ಕೊಡುವ ಇಂಜೆಕ್ಷನ್ ಕಾಲಿಗೆ ಹೇಗೋ ಇದು ಕೈಗೆ ಹಾಗೆ. ಕಾಲರ್ ಬೋನ್ ಮುರಿದಿದ್ದರೆ ಒಂದೇ ಬ್ಲಾಕ್ ಸಾಲದು. ಅದರ ಮೇಲಿನ ಚರ್ಮಕ್ಕೆ ಸಿ3, ಸಿ4 ನರಗಳು ಬರುವುದರಿಂದ, ಉಬ್ಬಿದ ಸ್ನಾಯುವಿನ ಹಿಂಬದಿ ಅಂಚಿನ ನಡುಭಾಗದಲ್ಲಿ ಇನ್ನೊಂದು ಸಣ್ಣ ಬ್ಲಾಕ್ ಸೇರಿಸುತ್ತಾರೆ. ಡಯಾಲಿಸಿಸ್ ಫಿಸ್ಟುಲಾಗೆ ಬ್ಲಾಕ್‌ನಿಂದ ಇನ್ನೊಂದು ಅನುಕೂಲ, ಕೈಯ ರಕ್ತನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಒಂದೇ ಬೆರಳಿನ ಕೆಲಸವಾದರೆ ಕತ್ತಿನ ತಂಟೆಗೇ ಹೋಗಬೇಕಿಲ್ಲ, ಬೆರಳ ಬುಡದ ಇಂಜೆಕ್ಷನ್ ಸಾಕು.

ಟೇಬಲ್ ಮೇಲೆ ನಡೆಯುವುದು

"ಕೈ ಮಾತ್ರ ತಾನೆ ಮರಗಟ್ಟಿಸೋದು, ಒಂದು ಲೋಟ ಕಾಫಿ ಕುಡಿದರೇನು?" ಎನ್ನುತ್ತಾರೆ. ಹಾಲು ಹಾಕಿದ ಕಾಫಿಗೂ ಊಟ ತಿಂಡಿಗೂ 6 ಗಂಟೆ ಬಿಡಬೇಕು, ಬಾಡೂಟವಾದರೆ 8 ಗಂಟೆ. ಬರೀ ನೀರು 2 ಗಂಟೆ ಮೊದಲಿನ ತನಕ ನಡೆಯುತ್ತದೆ. ಬ್ಲಾಕ್ ಹಿಡಿಯದೆ ಪೂರ್ತಿ ಮತ್ತು ಕೊಡಬೇಕಾಗಿ ಬರಬಹುದು, ಆಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಮೊದಲು ಇನ್ನೊಂದು ಕೈಗೆ ಡ್ರಿಪ್, ಎದೆಗೆ ಇಸಿಜಿ, ಬೆರಳಿಗೆ ಆಮ್ಲಜನಕದ ಕ್ಲಿಪ್, ಬಿಪಿ ಪಟ್ಟಿ. ಇವಿಲ್ಲದೆ ಸೂಜಿ ಮುಟ್ಟುವಂತಿಲ್ಲ. ಎಡವೋ ಬಲವೋ ಎಂದು ರೋಗಿಯ ಬಾಯಿಂದಲೇ ಹೇಳಿಸಿ, ಪೆನ್ನಿನ ಗುರುತು ನೋಡಿ, ಸೂಜಿ ಚುಚ್ಚುವ ಕ್ಷಣಕ್ಕೆ ಇನ್ನೊಮ್ಮೆ ಖಚಿತ ಮಾಡಿಕೊಳ್ಳುತ್ತಾರೆ. ತಪ್ಪು ಕಡೆಗೆ ಬ್ಲಾಕ್ ಕೊಟ್ಟ ಪ್ರಕರಣಗಳು ಜಗತ್ತಿನ ಎಲ್ಲ ಕಡೆ ಆಗಿವೆ, ಹೆಚ್ಚಾಗಿ ಅವಸರದಲ್ಲಿ, ರೋಗಿಯನ್ನು ಮಗ್ಗುಲು ತಿರುಗಿಸಿದ ಮೇಲೆ.

ತಲೆದೆಸೆ ತುಸು ಎತ್ತರಿಸಿ, ಮುಖ ಆಚೆಗೆ ತಿರುಗಿಸಿ, ಸ್ಕ್ಯಾನ್ ಶುರು. ಅನುಭವಿಗಳು ನೇರವಾಗಿ ಮೇಲೆ ಹುಡುಕುವುದಿಲ್ಲ. ಕಾಲರ್ ಬೋನ್ ಹಿಂದೆ ಮಿಡಿಯುವ ಅಪಧಮನಿ ಹಿಡಿದು, ಪಕ್ಕದ ಗೊಂಚಲು ಗುರುತಿಸಿ, ಅದನ್ನೇ ಹಿಂಬಾಲಿಸುತ್ತ ಕತ್ತಿನಲ್ಲಿ ಮೇಲೇರುತ್ತಾರೆ. ಗೊಂಚಲು ಬಿಚ್ಚಿಕೊಂಡು ಸಿಗ್ನಲ್ ದೀಪಗಳಾಗುತ್ತದೆ. ಕಾಲುವೆ ಎಲ್ಲಿಂದ ಬಂತು ಎಂದು ಏರಿಯ ಮೇಲೆ ಹಿಂದಕ್ಕೆ ನಡೆದ ಹಾಗೆ. ಚರ್ಮ ಶುದ್ಧ ಮಾಡಿ, ಪ್ರೋಬ್‌ಗೆ ಸ್ಟೆರೈಲ್ ಕವರ್ ಹಾಕಿ, ಚುಚ್ಚುವ ಜಾಗಕ್ಕೆ ಒಂದೆರಡು ಮಿಲಿಲೀಟರ್ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧ ಕೊಡುತ್ತಾರೆ. ರೋಗಿಗೆ ನೋವು ಎನ್ನಿಸುವುದು ಬಹುಮಟ್ಟಿಗೆ ಇಷ್ಟೇ.

ಬ್ಲಾಕ್ ಸೂಜಿ ಸುಮಾರು 5 ಸೆಂಟಿಮೀಟರ್ ಉದ್ದ, ತುದಿ ತುಸು ಮೊಂಡು. ಕತ್ತಿನ ಹಿಂಬದಿಯಿಂದ ಮುಂದಕ್ಕೆ, ನಡುವಿನ ಸ್ಕೇಲೀನ್ ಸ್ನಾಯುವನ್ನು ಹಾದು ಬರುತ್ತದೆ. ಅಲ್ಟ್ರಾಸೌಂಡ್ ಇದ್ದರೂ ತಪ್ಪಾಗುವುದು ಇಲ್ಲಿ. ಹೆಂಚಿನ ಮನೆಯಲ್ಲಿ ಸಂದಿಯಿಂದ ಇಳಿಯುವ ಬಿಸಿಲುಕೋಲನ್ನು ನೋಡಿದ್ದೀರಲ್ಲ. ದೂಳಿನ ಕಣ ಬಿಸಿಲುಕೋಲಿನೊಳಗೆ ಇದ್ದರೆ ಮಾತ್ರ ಹೊಳೆಯುತ್ತದೆ, ಒಂದು ಕೂದಲೆಳೆ ಆಚೆ ಸರಿದರೆ ಕಾಣುವುದೇ ಇಲ್ಲ. ಪ್ರೋಬ್‌ನ ಕಿರಣವೂ ತೆಳ್ಳನೆಯ ಹಾಳೆ, ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಸೂಜಿ ಓರೆಯಾಗಿ ಅದನ್ನು ದಾಟಿದರೆ ಪರದೆಯಲ್ಲಿ ಕಾಣುವುದು ಸೂಜಿಯ ನಡುಭಾಗ. ನೋಡುವವರಿಗೆ ಅದೇ ತುದಿಯಂತೆ ತೋರುತ್ತದೆ, ನಿಜವಾದ ತುದಿ ಆಗಲೇ ಇನ್ನೂ ಒಳಗೆ ಹೋಗಿರುತ್ತದೆ. ತುದಿ ಕಾಣದಿದ್ದರೆ ಸೂಜಿ ಮುಂದಕ್ಕೆ ತಳ್ಳಬಾರದು, ಪ್ರೋಬ್ ಆಡಿಸಿ ತುದಿಯನ್ನು ಹುಡುಕಬೇಕು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮ ಇನ್ನೊಂದಿಲ್ಲ.

ತುದಿ ನರದ ಪಕ್ಕಕ್ಕೆ ಬಂದ ಮೇಲೆ, ನರದೊಳಗೆ ಅಲ್ಲ, ಸಿರಿಂಜ್ ಹಿಂದೆಳೆದು ರಕ್ತ ಬರುತ್ತದೆಯೇ ನೋಡಿ, ಒಂದು ಮಿಲಿಲೀಟರ್ ಬಿಡುತ್ತಾರೆ. ಪರದೆಯಲ್ಲಿ ನರದ ಸುತ್ತ ಕಪ್ಪು ನೀರು ತುಂಬಿಕೊಳ್ಳುವುದು ಕಾಣಬೇಕು. ಕಾಣದಿದ್ದರೆ ಔಷಧ ರಕ್ತನಾಳಕ್ಕೆ ಹೋಗುತ್ತಿರಬಹುದು. ನರವೇ ಊದಿಕೊಂಡಂತೆ ಕಂಡರೆ, ಸಿರಿಂಜ್ ಬಿಗಿಯಾದರೆ, ರೋಗಿ ಜೋರು ನೋವು ಎಂದರೆ, ತಕ್ಷಣ ನಿಲ್ಲಿಸಿ ಸೂಜಿ ಹಿಂದೆಳೆಯಬೇಕು. ದೊಡ್ಡವರಿಗೆ ಬ್ಲಾಕ್ ಕೊಡುವಾಗ ಪೂರ್ತಿ ನಿದ್ದೆ ಬರಿಸದೆ ಮಾತಾಡುವ ಸ್ಥಿತಿಯಲ್ಲೇ ಇಡಲು ಬಯಸುವುದು ಇದಕ್ಕಾಗಿ. ಉಳಿದ ಔಷಧವನ್ನು 3ರಿಂದ 5 ಮಿಲಿಲೀಟರ್‌ನಂತೆ, ಪ್ರತಿ ಸಲವೂ ಹಿಂದೆಳೆದು ನೋಡಿ, ನಿಧಾನಕ್ಕೆ ಕೊಡುತ್ತಾರೆ.

ಬ್ಲಾಕ್ ಹಿಡಿಯಲು 15ರಿಂದ 30 ನಿಮಿಷ. ಸಾಮಾನ್ಯವಾಗಿ ಮೊದಲು ತಣ್ಣಗಿನ ಅರಿವು ಹೋಗುತ್ತದೆ. ಸ್ಪಿರಿಟ್ ಹತ್ತಿ ಸವರಿ "ತಣ್ಣಗಾಯ್ತಾ ಅಣ್ಣ?" ಎಂದು ಕೇಳುವುದು ಅದಕ್ಕೇ. ಆಮೇಲೆ ಚುಚ್ಚಿದ ನೋವು, ಆಮೇಲೆ ಬಲ. ಮೊಣಕೈ ಚಾಚಿ ತಳ್ಳಿ, ಮೊಣಕೈ ಮಡಿಸಿ ಎಳೆಯಿರಿ ಎನ್ನುತ್ತಾರೆ, ತೋರುಬೆರಳ ಬುಡ ಚಿವುಟುತ್ತಾರೆ, ಕಿರುಬೆರಳ ಬುಡ ಚಿವುಟುತ್ತಾರೆ. ಈ ನಾಲ್ಕರಲ್ಲಿ ನಾಲ್ಕು ನರಗಳ ಪರೀಕ್ಷೆ ಮುಗಿಯುತ್ತದೆ. ಮುಟ್ಟಿದ್ದು, ಎಳೆದದ್ದು ಕೊನೆತನಕ ಗೊತ್ತಾಗಬಹುದು. ಅದು ಬ್ಲಾಕ್ ಕೆಟ್ಟ ಲಕ್ಷಣವಲ್ಲ. ನೋವು ಎನಿಸಿದರೆ ಮಾತ್ರ ಹೇಳಲೇಬೇಕು.

ಔಷಧದ ಲೆಕ್ಕ

ಮರಗಟ್ಟಿಸುವ ಔಷಧದ ಬಾಟಲಿಯ ಮೇಲೆ 0.5% ಬ್ಯುಪಿವಕೇನ್ ಎಂದಿದ್ದರೆ 100 ಮಿಲಿಲೀಟರ್‌ನಲ್ಲಿ ಅರ್ಧ ಗ್ರಾಂ, ಅಂದರೆ ಒಂದು ಮಿಲಿಲೀಟರ್‌ನಲ್ಲಿ 5 ಮಿಲಿಗ್ರಾಂ. ತೂಕದ ಕೆಜಿಗೆ 2 ಮಿಲಿಗ್ರಾಂ ಎಂಬ ಮಿತಿ ಇಟ್ಟುಕೊಂಡರೆ 60 ಕೆಜಿಯವರಿಗೆ 120 ಮಿಲಿಗ್ರಾಂ, ಅಂದರೆ 24 ಮಿಲಿಲೀಟರ್‌ಗೆ ಮುಗಿಯಿತು. ಅದೇ ಜಾತಿಯ ರೋಪಿವಕೇನ್‌ಗೆ ಕೆಜಿಗೆ 3 ಮಿಲಿಗ್ರಾಂ ಎಂದು ಲೆಕ್ಕ ಹಿಡಿಯುತ್ತಾರೆ. ಬೇಗ ಹಿಡಿಯಲೆಂದು ಲಿಗ್ನೊಕೇನ್ ಬೆರೆಸಿದರೆ ಎರಡಕ್ಕೂ ಬೇರೆ ಬೇರೆ ಮಿತಿ ಸಿಗುವುದಿಲ್ಲ. ವಿಷದ ಲೆಕ್ಕ ಕೂಡುತ್ತಾ ಹೋಗುತ್ತದೆ. ಚರ್ಮಕ್ಕೆ ಕೊಟ್ಟದ್ದೂ, ಸರ್ಜನ್ ಗಾಯಕ್ಕೆ ಕೊಡುವುದೂ ಅದೇ ಖಾತೆಗೆ. ಕುರುಡಾಗಿ ಕೊಡುತ್ತಿದ್ದ ಕಾಲದಲ್ಲಿ 30, 40 ಮಿಲಿಲೀಟರ್ ಸುರಿಯುತ್ತಿದ್ದರು. ನೋಡಿ ಕೊಡುವುದರಿಂದ ಈಗ ಸ್ಕೇಲೀನ್ ಬ್ಲಾಕ್‌ಗೆ 7ರಿಂದ 15, ಕಾಲರ್ ಬೋನ್ ಮೇಲಿನದಕ್ಕೆ 20ರಿಂದ 25ರಲ್ಲಿ ಮುಗಿಯುತ್ತದೆ. ಅಲ್ಟ್ರಾಸೌಂಡ್‌ನಿಂದ ಆದ ದೊಡ್ಡ ಉಪಕಾರ ಇದೇ.

ಎಡವಟ್ಟಾಗುವುದು ಎಲ್ಲಿ, ಯಾಕೆ

ಮೊದಲನೆಯದು ಉಸಿರು. ಸ್ಕೇಲೀನ್ ಕಣಿವೆಗೆ 20 ಮಿಲಿಲೀಟರ್ ಕೊಟ್ಟರೆ ಬಹುತೇಕ ಎಲ್ಲರಲ್ಲೂ ಔಷಧ ಪಕ್ಕದ ಫ್ರೆನಿಕ್ ನರಕ್ಕೂ ಹಬ್ಬಿ, ಆ ಕಡೆಯ ವಪೆ ಕೆಲವು ಗಂಟೆ ಮಲಗಿಬಿಡುತ್ತದೆ. ಪಕ್ಕದ ಗದ್ದೆಗೂ ನೀರು ಜಿನುಗಿದ ಹಾಗೆ. ಜೋರಾಗಿ ಎಳೆದು ಬಿಡಬಲ್ಲ ಉಸಿರಿನಲ್ಲಿ ಕಾಲು ಭಾಗ ಅಥವಾ ತುಸು ಹೆಚ್ಚು ಕಡಿಮೆಯಾಗುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗದಿರಬಹುದು, ಇಲ್ಲವೇ ಎದೆ ಕಟ್ಟಿದಂತೆ ಅನ್ನಿಸಬಹುದು. ಬೀಡಿ ಸೇದಿ ಶ್ವಾಸಕೋಶ ಹಾಳಾದವರಿಗೆ, ಟಿಬಿಯಲ್ಲಿ ಇನ್ನೊಂದು ಕಡೆಯ ಶ್ವಾಸಕೋಶ ಸುಕ್ಕಾದವರಿಗೆ, ತುಂಬ ದಪ್ಪ ಇರುವವರಿಗೆ ಇದೇ ಅಪಾಯ. ಅದಕ್ಕೇ ಅಂಥವರಿಗೆ ಔಷಧ ಕಡಿಮೆ ಮಾಡುತ್ತಾರೆ, ಫ್ರೆನಿಕ್ ನರ ದೂರ ಸರಿದ ಕೆಳಗಿನ ಮಟ್ಟದಲ್ಲಿ ಕೊಡುತ್ತಾರೆ, ಇಲ್ಲವೇ ಕತ್ತು ಬಿಟ್ಟು ಭುಜದ ಹತ್ತಿರದ ನರಗಳನ್ನೇ ಬ್ಲಾಕ್ ಮಾಡುತ್ತಾರೆ. ಎರಡೂ ಕೈಗೆ ಒಂದೇ ದಿನ ಈ ಬ್ಲಾಕ್ ಕೊಡದಿರುವುದೂ ಇದೇ ಕಾರಣಕ್ಕೆ. ಹಳೆಯ ದಮ್ಮು, ಟಿಬಿ, ಬೀಡಿಯ ವಿಚಾರವನ್ನು ಡಾಕ್ಟರಿಗೆ ಮುಚ್ಚಿಡಬಾರದು.

ಕಣ್ಣಿನ ರೆಪ್ಪೆ ಇಳಿಬೀಳುವುದು, ಪಾಪೆ ಚಿಕ್ಕದಾಗುವುದು, ದನಿ ಗೊಗ್ಗರಾಗುವುದು, ಇವು ನೋಡಲು ಹೆದರಿಕೆ ಹುಟ್ಟಿಸುತ್ತವೆ. ಲಕ್ವಾ ಹೊಡೆಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಕತ್ತಿನ ಬೇರೆ ನರಗಳಿಗೆ ಔಷಧ ತಾಗಿದ್ದರಿಂದ ಆದದ್ದು, ಬ್ಲಾಕ್ ಇಳಿದ ಹಾಗೆ ತಾನೇ ಹೋಗುತ್ತದೆ. ಮುಂಚೆಯೇ ಹೇಳಿಟ್ಟಿದ್ದರೆ ಅರ್ಧ ಗಾಬರಿ ಕಡಿಮೆ.

ನಿಜಕ್ಕೂ ಹೆದರಬೇಕಾದ್ದು ಔಷಧ ರಕ್ತಕ್ಕೆ ಸೇರಿದಾಗ. ಬಾಯಲ್ಲಿ ಲೋಹದ ರುಚಿ, ತುಟಿ ನಾಲಿಗೆ ಜೋಮು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಅಸಂಬದ್ಧ ಮಾತು, ಆಮೇಲೆ ಫಿಟ್ಸ್, ಕೊನೆಗೆ ಹೃದಯದ ಬಡಿತ ಕೆಡುವುದು. ವರ್ಟಿಬ್ರಲ್ ಅಪಧಮನಿಗೆ ಹೋದರೆ ಒಂದೆರಡು ಮಿಲಿಲೀಟರ್ ಸಾಕು, ಕ್ಷಣದಲ್ಲೇ ಫಿಟ್ಸ್. ಇದಕ್ಕೆ ಚಿಕಿತ್ಸೆ ಇದೆ: ಹಾಲಿನಂತೆ ಬೆಳ್ಳಗಿರುವ 20% ಲಿಪಿಡ್ ಎಮಲ್ಷನ್. ಕೆಜಿಗೆ 1.5 ಮಿಲಿಲೀಟರ್, ಅಂದರೆ 60 ಕೆಜಿಯವರಿಗೆ 90 ಮಿಲಿಲೀಟರ್ ಎರಡು ಮೂರು ನಿಮಿಷದಲ್ಲಿ, ಆಮೇಲೆ ಕೆಜಿಗೆ 0.25 ಮಿಲಿಲೀಟರ್‌ನಂತೆ ನಿಮಿಷ ನಿಮಿಷಕ್ಕೂ 15 ಮಿಲಿಲೀಟರ್. ಜೊತೆಜೊತೆಗೆ ಆಮ್ಲಜನಕ, ಫಿಟ್ಸ್ ನಿಲ್ಲಿಸುವ ಔಷಧ. ರಕ್ತದಲ್ಲಿನ ಈ ಕೊಬ್ಬು ಹೃದಯ, ಮಿದುಳಿನಿಂದ ಔಷಧವನ್ನು ಎಳೆದುಕೊಂಡು ಬೇರೆಡೆ ಸಾಗಿಸುತ್ತದೆ. ಬ್ಲಾಕ್ ಕೊಡುವ ಕೋಣೆಯಲ್ಲಿ ಈ ಬಾಟಲಿ ಕೈಗೆಟುಕುವಂತಿರಬೇಕು. ಔಷಧದ ಅಂಗಡಿಯಿಂದ ತರಿಸುವಷ್ಟು ಹೊತ್ತು ಇರುವುದಿಲ್ಲ. "ಲಿಪಿಡ್ ಇದೆಯಾ ಡಾಕ್ಟ್ರೆ?" ಎಂದು ರೋಗಿಯ ಕಡೆಯವರು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರುವುದು ಕಾಲರ್ ಬೋನ್ ಮೇಲಿನ ಬ್ಲಾಕ್‌ನ ಹಳೆಯ ಕಂಟಕ. ನೋಡಿ ಕೊಡುವುದರಿಂದ ತುಂಬ ವಿರಳವಾಗಿದೆ, ಇಲ್ಲವಾಗಿಲ್ಲ. ನರಕ್ಕೆ ಪೆಟ್ಟು? ಕೆಲವು ದಿನ, ಕೆಲವು ವಾರ ಉಳಿಯುವ ಜೋಮು ಅಲ್ಲೊಂದು ಇಲ್ಲೊಂದು ಆಗುತ್ತದೆ, ಬಹುಪಾಲು ವಾಸಿಯಾಗುತ್ತದೆ. ದೀರ್ಘಕಾಲ ಉಳಿಯುವ ತೊಂದರೆ ಹತ್ತು ಸಾವಿರಕ್ಕೆ ಬೆರಳೆಣಿಕೆಯಷ್ಟು. ಅಲ್ಟ್ರಾಸೌಂಡ್ ಬಂದ ಮೇಲೆ ರಕ್ತನಾಳಕ್ಕೆ ಚುಚ್ಚುವುದು, ವಿಷವೇರುವುದು ಕಡಿಮೆಯಾಗಿದೆ. ಆದರೆ ನರದ ಪೆಟ್ಟು ಅದೇ ಪ್ರಮಾಣದಲ್ಲಿ ಇಳಿದಿದೆ ಎಂದು ಹೇಳಲು ಗಟ್ಟಿ ಪುರಾವೆ ಇಲ್ಲ. ಸಕ್ಕರೆ ಕಾಯಿಲೆಯವರ ನರ ಮೊದಲೇ ಸೊರಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಚೀಟಿ ಸಮೇತ ಹೇಳಬೇಕು.

ಗಾಣಕ್ಕೆ ಸಿಕ್ಕ ಕೈ

ಮಂಡ್ಯ ಸೀಮೆಗೆ ಇದನ್ನು ಬೇರೆಯಾಗಿಯೇ ಹೇಳಬೇಕು. ಕಬ್ಬು ಕೊಡುವಾಗ ರೋಲರಿಗೆ ಸಿಕ್ಕಿ ಜಜ್ಜಿದ ಕೈಯಲ್ಲಿ ಮುಂಗೈಯ ಸ್ನಾಯುಗಳು ಬಿಗಿ ಪೊರೆಯೊಳಗೆ ಊದಿಕೊಳ್ಳುತ್ತವೆ. ಊತಕ್ಕೆ ಹೊರಹೋಗುವ ದಾರಿಯಿಲ್ಲದೆ ಒಳಗಿನ ಒತ್ತಡವೇರಿ ರಕ್ತ ಸಂಚಾರ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಪೊರೆ ಸೀಳದಿದ್ದರೆ ಕೈ ಹೋದಂತೆ. ಇದರ ಮೊದಲ ಎಚ್ಚರಿಕೆ ಮಿತಿಮೀರಿದ ನೋವು, ಬೆರಳು ನೇರ ಮಾಡಿದರೆ ಇನ್ನೂ ಹೆಚ್ಚುವ ನೋವು. ಕೈ ಪೂರ್ತಿ ಮರಗಟ್ಟಿದ್ದರೆ ಆ ಎಚ್ಚರಿಕೆ ಕೇಳಿಸದೆ ಹೋಗಬಹುದು. ಹಾಗಾಗಿ ಇಂಥ ಗಾಯಗಳಲ್ಲಿ ಅರಿವಳಿಕೆ ವೈದ್ಯರು, ಸರ್ಜನ್ ಮೊದಲೇ ಮಾತಾಡಿಕೊಳ್ಳುತ್ತಾರೆ, ಬ್ಲಾಕ್ ಮುಂದೂಡುತ್ತಾರೆ, ಇಲ್ಲವೇ ಬೇಗ ಇಳಿಯುವ ಔಷಧ ಆರಿಸುತ್ತಾರೆ. "ಪಕ್ಕದ ಬೆಡ್ಡಿನವರಿಗೆ ಕೊಟ್ರಿ, ನಮ್ಮುಡುಗನ್ಗೆ ಯಾಕೆ ಕೊಡಲಿಲ್ಲ?" ಎಂಬ ಸಿಟ್ಟಿಗೆ ಉತ್ತರ ಇದೇ ಇರಬಹುದು. ಗಾಯವಾದಾಗಲೇ ಯಾವ ಬೆರಳಿಗೆ ಸ್ಪರ್ಶವಿಲ್ಲ, ಯಾವುದು ಆಡುವುದಿಲ್ಲ ಎಂದು ಬ್ಲಾಕ್‌ಗೆ ಮುನ್ನ ಬರೆದಿಡುವುದೂ ಮುಖ್ಯ. ಬರೆದಿಡದಿದ್ದರೆ ಆಮೇಲೆ ಅದು ಗಾಣದಿಂದಲೋ ಸೂಜಿಯಿಂದಲೋ ಹೇಳುವವರು ಯಾರು?

ಮನೆಗೆ ಹೋದ ಮೇಲೆ

ಬ್ಯುಪಿವಕೇನ್, ರೋಪಿವಕೇನ್ ಕೊಟ್ಟಿದ್ದರೆ ಕೈ ಎಂಟರಿಂದ ಹದಿನಾರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಮರಗಟ್ಟಿರುತ್ತದೆ. ಅಷ್ಟು ಹೊತ್ತು ಅದು ನಿಮ್ಮ ಕೈ ಅಲ್ಲ, ಎತ್ತಿಕೊಂಡ ಮಗು ಎಂದುಕೊಳ್ಳಿ. ಜೋಳಿಗೆಯಲ್ಲಿ ಇಡಿ. ಬಾಗಿಲ ಸಂದಿಗೆ ಸಿಕ್ಕಿದರೂ, ಒಲೆಗೋ ಹಂಡೆಗೋ ತಾಗಿದರೂ ತಿಳಿಯುವುದಿಲ್ಲ. ಬಿಸಿನೀರಿನ ಶಾಖ ಬೇಡ. ಮೊಣಕೈಯ ಒಳಮೂಳೆ ಮಂಚದ ಅಂಚಿಗೆ ಒತ್ತದಂತೆ ದಿಂಬಿಡಿ. ಗಾಡಿ ಓಡಿಸಬೇಡಿ.

ಎದೆ ನೋವು, ಹೆಚ್ಚುತ್ತಾ ಹೋಗುವ ಏದುಸಿರು ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ. ಎರಡು ದಿನ ಕಳೆದರೂ ಜೋಮು ಇಳಿಯದಿದ್ದರೆ ಬ್ಲಾಕ್ ಕೊಟ್ಟವರಿಗೆ ತಿಳಿಸಿ.

ಬೆಳಗ್ಗೆ ಆಪರೇಷನ್ ಆದವರಿಗೆ ಬ್ಲಾಕ್ ಇಳಿಯುವುದು ಸಾಮಾನ್ಯವಾಗಿ ರಾತ್ರಿ, ಮನೆಯವರೆಲ್ಲ ಮಲಗಿದ ಹೊತ್ತಿಗೆ. ಇಳಿದಾಗ ನೋವು ಮೆಲ್ಲಗೆ ಬರುವುದಿಲ್ಲ, ಒಂದೇ ಸಲಕ್ಕೆ ನುಗ್ಗುತ್ತದೆ. ನೋವಿಲ್ಲವಲ್ಲ ಎಂದು ಸಂಜೆಯ ಮಾತ್ರೆ ಬಿಟ್ಟವರೇ ರಾತ್ರಿ ಒದ್ದಾಡುವುದು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜೋಮು ಶುರುವಾಯಿತೆಂದರೆ ಗೇಟು ತೆರೆಯುತ್ತಿದೆ ಎಂದು ಅರ್ಥ. ಮಲಗುವ ಮುನ್ನ ಎರಡು ತುತ್ತು ಊಟ ಮಾಡಿ ಬರೆದುಕೊಟ್ಟ ಮಾತ್ರೆ ನುಂಗಿ, ಮುಂದಿನ ಮಾತ್ರೆಯನ್ನೂ ನೀರಿನ ಚೊಂಬನ್ನೂ ಚೆನ್ನಾಗಿರುವ ಕೈಗೆ ಎಟುಕುವ ಕಡೆ ಇಟ್ಟುಕೊಳ್ಳಿ.